ಮತ ಯಾರಿಗೆ ಎನ್ನುವ ಮುನ್ನ

ಚುನಾವಣೆಯ ದಿನಾಂಕ ಪ್ರಕಟವಾದ ಮೊದಲ ಭಾನುವಾರವೇ, ಬಲಿಪೂಜೆ ಮುಗಿಸಿ ಹೊರಬರುವ ನಮ್ಮನ್ನು ದೇವಾಲಯದ ಮೆಟ್ಟಿಲ ಬಳಿ ತಡೆದು ಕೇಳುವ ಪ್ರಶ್ನೆಯೊಂದಿದೆ. ಹಿರಿಯರಾದರೆ, "ಸ್ವಾಮಿ, ಈ ಸಾರಿ ಯಾರಿಗೆ ಹಾಕಬೇಕೂಂತ ಮೇಲಿನಿಂದ ಏನಾದರೂ ಬಂದಿದೆಯಾ?" ಎನ್ನುತ್ತಾರೆ. ಕಿರಿಯರಾದರೆ, "ಫಾದರ್, ನಮ್ಮವರಿಗೆ ಯಾವ ಪಾರ್ಟಿ ಒಳ್ಳೇದು?" ಎನ್ನುತ್ತಾರೆ. ಇಪ್ಪತ್ತೈದು ವರ್ಷಗಳ ನಮ್ಮ ಗುರುಜೀವನದಲ್ಲಿ ಲೋಕಸಭೆ, ವಿಧಾನಸಭೆ, ಪಾಲಿಕೆ ಎಂದು ಹಲವು ಚುನಾವಣೆಗಳು ಬಂದು ಹೋಗಿವೆ. ಪ್ರಶ್ನೆ ಮಾತ್ರ ಬದಲಾಗಿಲ್ಲ.

ಇದಕ್ಕೆ ನೇರವಾಗಿ ಉತ್ತರಿಸುವ ಅಧಿಕಾರ ನಮಗಿಲ್ಲ. ರಾಜಕೀಯ ಪಕ್ಷಗಳಲ್ಲಿ ಗುರುಗಳು ಸಕ್ರಿಯವಾಗಿ ತೊಡಗಬಾರದೆಂದು ಧರ್ಮಸಭೆಯ ಕಾನೂನು ಸಂಹಿತೆಯ 287ನೆಯ ವಿಧಿ ಹೇಳುತ್ತದೆ. ದೇಶದ ಕಾನೂನೂ ಈ ವಿಷಯದಲ್ಲಿ ಸಡಿಲವಾಗಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123ನೆಯ ಕಲಮಿನ 3ನೆಯ ಉಪಕಲಮು ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದನ್ನು ಭ್ರಷ್ಟ ಆಚರಣೆಯೆಂದು ಪರಿಗಣಿಸುತ್ತದೆ. ಈ ನಿರ್ಬಂಧವು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲದೆ ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು, ಅಭಿರಾಮ್ ಸಿಂಗ್ ಪ್ರಕರಣದಲ್ಲಿ, ನಾಲ್ಕಕ್ಕೆ ಮೂರರ ಬಹುಮತದಿಂದ ತೀರ್ಪಿತ್ತಿತು. ಆದ್ದರಿಂದ ಅಭ್ಯರ್ಥಿಯೊಬ್ಬರ ಸಮ್ಮತಿ ಪಡೆದು "ಕಥೋಲಿಕರಾದ ನೀವು ಇಂಥವರಿಗೇ ಹಾಕಿ" ಎಂದು ಪ್ರಬೋಧನಾ ಪೀಠದಿಂದ ಹೇಳುವ ಗುರು, ಧರ್ಮಸಭೆಯ ನಿಯಮವನ್ನೂ ದೇಶದ ಕಾನೂನನ್ನೂ ಒಟ್ಟಿಗೆ ಮೀರಿದಂತಾಗುತ್ತದೆ.

ಆದರೆ ಆ ಪ್ರಶ್ನೆಯ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಯಾರಿಗೆ ಎನ್ನುವ ಮುನ್ನ, ಏನನ್ನು ನೋಡಿ ಎಂದು ಕೇಳಬೇಕು. ಇದು ಮನಸ್ಸಾಕ್ಷಿಯ ವಿಷಯವಾದುದರಿಂದ, ಇದರ ಬಗ್ಗೆ ಮಾತನಾಡುವುದು ಗುರುವಿಗೆ ನಿಷಿದ್ಧವಲ್ಲ. ಅದು ಅವನ ಕರ್ತವ್ಯವೇ ಆಗಿದೆ.

ಮತದಾರರು ಏನನ್ನು ನೋಡುತ್ತಾರೆಂಬುದನ್ನು ಮೊದಲು ಪರಿಶೀಲಿಸೋಣ. 2024ರ ಲೋಕಸಭಾ ಚುನಾವಣೆಗೆ ಮುನ್ನ ಲೋಕನೀತಿ–ಸಿ.ಎಸ್.ಡಿ.ಎಸ್. ಸಂಸ್ಥೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 27ರಷ್ಟು ಮಂದಿ ನಿರುದ್ಯೋಗವನ್ನೂ ಶೇಕಡಾ 23ರಷ್ಟು ಮಂದಿ ಬೆಲೆಯೇರಿಕೆಯನ್ನೂ ಅತಿ ಮುಖ್ಯ ವಿಷಯಗಳೆಂದು ಹೆಸರಿಸಿದ್ದರು. ಅಭಿವೃದ್ಧಿಯೆಂದವರು ಶೇಕಡಾ 13; ಭ್ರಷ್ಟಾಚಾರವೆಂದವರು ಮತ್ತು ರಾಮಮಂದಿರವೆಂದವರು ತಲಾ ಶೇಕಡಾ 8. ವರ್ಷವಿಡೀ ದೂರದರ್ಶನದ ವಾಹಿನಿಗಳಲ್ಲಿ ನಡೆದ ವಾಗ್ವಾದಗಳನ್ನು ಕೇಳಿದವರಿಗೆ ಈ ಅಂಕಿಗಳು ಅಚ್ಚರಿ ತಂದಾವು. ದೇಶವು ಎಲ್ಲ ಧರ್ಮೀಯರಿಗೂ ಸಮಾನವಾಗಿ ಸೇರಿದ್ದೆಂದು ಅದೇ ಸಮೀಕ್ಷೆಯಲ್ಲಿ ಶೇಕಡಾ 79ರಷ್ಟು ಮಂದಿ ಹೇಳಿದ್ದನ್ನೂ ಇಲ್ಲಿ ನೆನೆಯಬೇಕು.

ಆದರೆ ಸಮೀಕ್ಷಕರ ಮುಂದೆ ಹೇಳುವ ವಿಷಯವೇ ಮತಯಂತ್ರದ ಮುಂದೆ ಬೆರಳನ್ನು ನಡೆಸುತ್ತದೆಯೆಂದು ನಂಬುವುದು ಮುಗ್ಧತೆಯಾದೀತು. ನಮ್ಮ ಮೈಸೂರನ್ನೇ ತೆಗೆದುಕೊಳ್ಳೋಣ. ಮೈಸೂರು–ಕೊಡಗು ಲೋಕಸಭಾ ಕ್ಷೇತ್ರದೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2023ರ ಮೇ ತಿಂಗಳಲ್ಲಿ ಇವುಗಳ ಪೈಕಿ ಐದನ್ನು ಕಾಂಗ್ರೆಸ್, ಎರಡನ್ನು ಜನತಾದಳ (ಜಾತ್ಯತೀತ), ಒಂದನ್ನು ಭಾರತೀಯ ಜನತಾ ಪಕ್ಷ ಗೆದ್ದವು. ಹನ್ನೊಂದೇ ತಿಂಗಳ ನಂತರ, 2024ರ ಏಪ್ರಿಲ್ 26ರಂದು, ಅದೇ ಎಂಟು ಕ್ಷೇತ್ರಗಳ ಮತದಾರರು ಬಿಜೆಪಿ ಅಭ್ಯರ್ಥಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರನ್ನು 1.39 ಲಕ್ಷ ಮತಗಳ ಅಂತರದಿಂದ ಗೆಲ್ಲಿಸಿದರು. ಅಷ್ಟರಲ್ಲಿ ಜನತಾದಳವು ಬಿಜೆಪಿಯೊಡನೆ ಮೈತ್ರಿ ಮಾಡಿಕೊಂಡಿತ್ತೆಂಬುದು ಈ ಬದಲಾವಣೆಗೆ ಒಂದು ಕಾರಣ. ಅರಮನೆಯ ಹೆಸರು ಇನ್ನೊಂದು ಕಾರಣವಿರಬಹುದು. ಆದರೆ ಅಷ್ಟರಿಂದಲೇ ಎಲ್ಲವೂ ತಿಳಿಯದು. ಬೆಂಗಳೂರಿಗೆ ಕಳುಹಿಸುವವರನ್ನು ಒಂದು ಅಳತೆಗೋಲಿನಿಂದ, ದೆಹಲಿಗೆ ಕಳುಹಿಸುವವರನ್ನು ಇನ್ನೊಂದರಿಂದ ಅಳೆಯುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಅಕ್ಕಿ, ಬಸ್ಸು, ವಿದ್ಯುತ್ತಿನ ಬಿಲ್ಲು ಒಂದು ಲೆಕ್ಕಕ್ಕೆ. ದೇಶದ ನಾಯಕತ್ವ, ಭದ್ರತೆ, ಅಭಿಮಾನ ಇನ್ನೊಂದು ಲೆಕ್ಕಕ್ಕೆ. ಇದನ್ನು ಚಂಚಲತೆಯೆಂದು ಜರಿಯುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಯಾವ ಸಭೆಗೆ ಯಾವ ಅಧಿಕಾರವಿದೆಯೆಂದು ಅರಿತು ವಿಷಯಗಳನ್ನು ತೂಗುವುದು ವಿವೇಕದ ಮೊದಲ ಹೆಜ್ಜೆ. ಮನೆಮುಂದಿನ ಚರಂಡಿಯ ಕೋಪವನ್ನು ಲೋಕಸಭಾ ಸದಸ್ಯರ ಮೇಲೆ ತೀರಿಸಿಕೊಳ್ಳುವವನಿಗಿಂತ ಇಂಥ ಮತದಾರ ಹೆಚ್ಚು ಪ್ರಬುದ್ಧ.

ಇನ್ನು ಗ್ಯಾರಂಟಿಗಳ ವಿಚಾರ. ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆತದ್ದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿಯೇ, 2023ರ ಆಗಸ್ಟ್ 30ರಂದು. ಆ ದಿನಗಳಲ್ಲಿ ನಮ್ಮ ಧರ್ಮಕೇಂದ್ರದ ಸುಶಿಕ್ಷಿತ ಕುಟುಂಬಗಳ ಹಲವರು "ಮತಗಳನ್ನು ಕೊಂಡುಕೊಂಡರು" ಎಂದು ನಮ್ಮೆದುರು ಬೇಸರ ತೋಡಿಕೊಂಡರು. ಅದೇ ವಾರ, ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ಸಹೋದರಿಯೊಬ್ಬರು, ಮದುವೆಯಾದಂದಿನಿಂದ ತಮ್ಮ ಹೆಸರಿಗೇ ಬಂದ ಮೊದಲ ಹಣವಿದೆಂದು ನಮಗೆ ಬ್ಯಾಂಕಿನ ಪಾಸ್‌ಬುಕ್ಕು ತೋರಿಸಿದರು. ಇವರಿಬ್ಬರಲ್ಲಿ ಸರಿ ಯಾರು?

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಮತದಾನದ ಹಿಂದಿನ ರಾತ್ರಿ ಬಾಗಿಲು ತಟ್ಟಿ ಕೊಡುವ ಸೀರೆ, ಕುಕ್ಕರ್, ಐನೂರರ ನೋಟು ಒಬ್ಬ ವ್ಯಕ್ತಿಗೆ ಗುಟ್ಟಾಗಿ, ಅವನ ಮತಕ್ಕೆ ಪ್ರತಿಯಾಗಿ ಕೊಡುವಂಥವು. ಅದು ಲಂಚ, ಕೊಡುವುದೂ ಪಾಪ, ಪಡೆಯುವುದೂ ಪಾಪ. ಪ್ರಣಾಳಿಕೆಯಲ್ಲಿ ಬಹಿರಂಗವಾಗಿ ಸಾರಿ, ಗೆದ್ದ ಮೇಲೆ ಆಯವ್ಯಯದಲ್ಲಿ ಸೇರಿಸಿ, ಮತ ಹಾಕಿದವರಿಗೂ ಹಾಕದವರಿಗೂ ಒಂದೇ ನಿಯಮದಡಿ ನೀಡುವುದು ಬೇರೆಯೇ ಸಂಗತಿ. ಸರ್ವೋಚ್ಚ ನ್ಯಾಯಾಲಯವೂ 2013ರಲ್ಲಿ, ತಮಿಳುನಾಡಿನ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ, ಪ್ರಣಾಳಿಕೆಯ ಭರವಸೆಗಳು ಭ್ರಷ್ಟ ಆಚರಣೆಯಾಗುವುದಿಲ್ಲವೆಂದು ಹೇಳಿತು. ಜತೆಗೆ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೆ ಸೂಚಿಸಿತು. ಕಾನೂನಿನ ಉತ್ತರ ಅಲ್ಲಿಗೆ ಮುಗಿಯುತ್ತದೆ. ನೀತಿಯ ಪ್ರಶ್ನೆ ಮುಂದೆಯೂ ಉಳಿಯುತ್ತದೆ: ಈ ಹಣ ಎಲ್ಲಿಂದ ಬರುತ್ತದೆ, ಯಾವ ಕೆಲಸ ನಿಂತು ಬರುತ್ತದೆ? 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲು ಲೀಟರಿಗೆ ಸುಮಾರು 3 ರೂಪಾಯಿ ತುಟ್ಟಿಯಾಯಿತು. ಆ ಮೂರು ರೂಪಾಯಿಯನ್ನು ಕಾರಿನವನೂ ತೆತ್ತ, ಆಟೋ ಓಡಿಸುವವನೂ ತೆತ್ತ. ಗ್ಯಾರಂಟಿಗಳನ್ನು ಹೊಗಳುವವರೂ ತೆಗಳುವವರೂ ಈ ಲೆಕ್ಕವನ್ನು ಪೂರ್ಣವಾಗಿ ಮಾಡುವುದಿಲ್ಲವೆಂಬುದು ನಮ್ಮ ದೂರು. ಆದರೂ ಒಂದು ಮಾತು ಹೇಳಬೇಕು. ಬಡವನ ಕೈಗೆ ಹಣ ಬಂದಾಗ ಅದನ್ನು ಭಿಕ್ಷೆಯೆಂದೂ, ಉದ್ಯಮಿಗೆ ರಿಯಾಯಿತಿ ದೊರೆತಾಗ ಅದನ್ನು ಉತ್ತೇಜನವೆಂದೂ ಕರೆಯುವ ನಾಲಗೆ ನಮ್ಮದಾಗಬಾರದು.

ಈಗ ನಮ್ಮ ಸಮುದಾಯದ ವಿಷಯಗಳಿಗೆ ಬರೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಹನ್ನೊಂದು ಲಕ್ಷದ ನಲವತ್ತೆರಡು ಸಾವಿರ ಚಿಲ್ಲರೆ. ಒಟ್ಟು ಜನಸಂಖ್ಯೆಯ ಶೇಕಡಾ 1.87. ಇಷ್ಟು ಅಲ್ಪಸಂಖ್ಯೆಯವರು "ಮತ ಬ್ಯಾಂಕ್" ಆಗಲು ಹೊರಟರೆ ಅದು ಠೇವಣಿ ಇಲ್ಲದ ಬ್ಯಾಂಕಾದೀತು. ಆದರೆ ಸಂಖ್ಯೆ ಅಲ್ಪವೆಂದ ಮಾತ್ರಕ್ಕೆ ನ್ಯಾಯದ ಬೇಡಿಕೆ ಅಲ್ಪವಾಗುವುದಿಲ್ಲ. ಮತಾಂತರ ನಿಷೇಧವೆಂದು ಜನರು ಕರೆಯುವ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯ ಅಂಗೀಕಾರ ಪಡೆದು, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತನ್ನೂ ದಾಟಿ ಕಾಯ್ದೆಯಾಯಿತು. ಧರ್ಮ ಬದಲಿಸುವವನು ಮೂವತ್ತು ದಿನ ಮುಂಚಿತವಾಗಿ ಅಧಿಕಾರಿಗೆ ತಿಳಿಸಬೇಕೆಂದು ಅದು ವಿಧಿಸಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಬಲಾತ್ಕಾರದ ಮತಾಂತರವನ್ನು ಧರ್ಮಸಭೆಯೇ ಖಂಡಿಸುತ್ತದೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯ ತಿರುಳೇ ಅದು. ನಮ್ಮ ಆಕ್ಷೇಪ, ಮನಸ್ಸಾಕ್ಷಿಯ ನಿರ್ಧಾರವನ್ನು ಜಿಲ್ಲಾಧಿಕಾರಿಯ ಕಚೇರಿಯ ಅರ್ಜಿಯನ್ನಾಗಿಸಿದ್ದಕ್ಕೆ. ಇದು ಕ್ರೈಸ್ತರ ಹಿತಾಸಕ್ತಿಯ ಪ್ರಶ್ನೆ ಮಾತ್ರವಲ್ಲ. ನಂಬುವ, ನಂಬದಿರುವ ಎಲ್ಲ ಪ್ರಜೆಗಳ ಪ್ರಶ್ನೆ. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಸಾರಿದ ಪ್ರಕರಣಕ್ಕೆ ನಮ್ಮ ನಾಡಿನ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರೇ ಇದೆ.

ದಲಿತ ಕ್ರೈಸ್ತರ ವಿಷಯ ಇದಕ್ಕಿಂತಲೂ ಹಳೆಯ ಗಾಯ. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪರಿಚ್ಛೇದ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗುಳಿದರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಪರಿಚ್ಛೇದವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ರಚನೆಯಾಯಿತು. ಲೋಕಸಭೆಗೆ ಸ್ಪರ್ಧಿಸುವವರನ್ನು ಕೇಳಲು ಯೋಗ್ಯವಾದ ಪ್ರಶ್ನೆ ಇದು. ನಮ್ಮ ಸಮುದಾಯದ ಅನುಕೂಲಸ್ಥರೇ ಈ ಪ್ರಶ್ನೆಯನ್ನು ಕೇಳಲು ಹಿಂಜರಿಯುವುದನ್ನು ನಾವು ಕಂಡಿದ್ದೇವೆ. ಜಾತಿ ದೇವಾಲಯದ ಬಾಗಿಲಲ್ಲಿ ಚಪ್ಪಲಿಯೊಡನೆ ಉಳಿಯುತ್ತದೆಂದು ಹೇಳುವಷ್ಟು ಧೈರ್ಯ ನಮಗಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನ ಧರ್ಮಕೇಂದ್ರದಲ್ಲಿದ್ದಾಗ, ಅಭ್ಯರ್ಥಿಯೊಬ್ಬರು ನಮ್ಮನ್ನು ಕಾಣಬಂದರು. ಸಮುದಾಯಕ್ಕೆ ಏನಾಗಬೇಕೆಂದು ಕೇಳಿದರು. ಸಮಾಧಿ ಭೂಮಿಗೆ ಕಾಂಪೌಂಡ್ ಗೋಡೆ ಬೇಕೆಂದೆವು. ಅವರು ಒಪ್ಪಿದರು, ಮುಂದಿನ ಭಾನುವಾರ ಪ್ರಕಟಣೆಗಳ ನಡುವೆ ನಾವು ಅವರ ಔದಾರ್ಯವನ್ನು ನೆನೆದೆವು. ಮತ ಹಾಕಿರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಗೆದ್ದರು, ಗೋಡೆಯೂ ಎದ್ದಿತು. ಆಶೀರ್ವಾದದ ದಿನ, ಪೌರಕಾರ್ಮಿಕರಾಗಿದ್ದ ಭಕ್ತರೊಬ್ಬರು ಮೆಲ್ಲಗೆ ಹತ್ತಿರ ಬಂದು, "ಸ್ವಾಮಿ, ಸತ್ತೋರಿಗೆ ಗೋಡೆ ಕೇಳಿದ್ರಿ, ಒಳ್ಳೇದಾಯ್ತು. ಬದುಕಿರೋರ ಬೀದಿಗೆ ನೀರು ಕೇಳೋದು ಮರೆತುಬಿಟ್ರಾ?" ಎಂದರು. ಅವರ ಬೀದಿಯ ನಲ್ಲಿಯಲ್ಲಿ ಆಗ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಆ ಬೀದಿಯಲ್ಲಿ ಕ್ರೈಸ್ತರ ಮನೆಗಳು ಏಳೆಂಟು ಮಾತ್ರ, ಉಳಿದವರೆಲ್ಲ ಅನ್ಯಧರ್ಮೀಯರು. ಬಹುಶಃ ಅದಕ್ಕಾಗಿಯೇ ಆ ನೀರು ನಮ್ಮ "ಸಮುದಾಯದ ಬೇಡಿಕೆ"ಗಳ ಪಟ್ಟಿಗೆ ಬರಲಿಲ್ಲ.

ಅಂದಿನಿಂದ, ಗುರುಗಳೂ ಧರ್ಮಕೇಂದ್ರದ ಪಾಲನಾ ಸಮಿತಿಯೂ ತಯಾರಿಸುವ ಬೇಡಿಕೆಗಳ ಪಟ್ಟಿಯನ್ನು ನಾವು ಸಂಶಯದಿಂದಲೇ ನೋಡುತ್ತೇವೆ. ಆ ಪಟ್ಟಿಯಲ್ಲಿ ಶಾಲೆಗಳ ಮಾನ್ಯತೆ, ವಿದೇಶಿ ದೇಣಿಗೆಯ ಕಾಯ್ದೆ, ಸಮಾಧಿ ಭೂಮಿ ಇವೇ ಮುಂಚೂಣಿಯಲ್ಲಿರುತ್ತವೆ. ಇವು ಸುಳ್ಳು ಸಮಸ್ಯೆಗಳಲ್ಲ, ಆದರೆ ಬಹುಪಾಲು ಸಂಸ್ಥೆಗಳನ್ನು ನಡೆಸುವವರ ಸಮಸ್ಯೆಗಳು. ಕುಟುಂಬಗಳ ಪಟ್ಟಿ ಬೇರೆ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿರುವ ಮಗ, ಡಯಾಲಿಸಿಸ್‌ಗೆ ವಾರಕ್ಕೆರಡು ಬಾರಿ ಅಲೆಯುವ ತಂದೆ, ನಿವೇಶನಕ್ಕೆ ಅರ್ಜಿ ಹಾಕಿ ಕೂದಲು ನರೆಯಿಸಿಕೊಂಡ ನಿವೃತ್ತ ನೌಕರ. 2024ರಲ್ಲಿ ಮುಡಾ ನಿವೇಶನ ಹಂಚಿಕೆಯ ವಿವಾದ ರಾಜ್ಯದ ತುಂಬ ಸದ್ದು ಮಾಡಿದಾಗ, ಪಕ್ಷಗಳು ಪರಸ್ಪರ ದೂಷಿಸಿದುವೇ ವಿನಾ ಸರದಿಯಲ್ಲಿ ಕಾದವನ ಗತಿಯೇನೆಂದು ಕೇಳಿದವರು ವಿರಳ.

ಸಂತ ತೋಮಸ್ ಅಕ್ವಿನಾಸರು ಕಾನೂನನ್ನು ವಿವರಿಸುವಾಗ ಅದರ ಗುರಿ ಸರ್ವಹಿತವೆಂದರು. ಸರ್ವಹಿತವೆಂದರೆ ಬಹುಸಂಖ್ಯಾತರ ಹಿತವೂ ಅಲ್ಲ, ಅಲ್ಪಸಂಖ್ಯಾತರ ಹಿತಗಳ ಮೊತ್ತವೂ ಅಲ್ಲ. ಹಂಚಿಕೊಂಡರೆ ಕರಗದ, ಒಬ್ಬನಿಗೆ ಇಲ್ಲವಾದರೆ ಎಲ್ಲರಿಗೂ ಕೆಡುವ ಹಿತವದು. ಬೀದಿಯ ನೀರಿನಂತೆ, ಪ್ರಾಮಾಣಿಕ ಪೊಲೀಸ್ ಠಾಣೆಯಂತೆ. ಯಾವ ವಿಷಯ ಮುಖ್ಯವೆಂದು ತೂಗಲು ಸೆಮಿನರಿಯ ದಿನಗಳಿಂದ ನಮಗೆ ದೊರೆತಿರುವ ಅಳತೆಗೋಲು ಇದೊಂದೇ.

ಈಚೆಗೆ ವಾಟ್ಸಪ್ ಮೂಲಕ ಹೊಸದೊಂದು ವಾದ ನಮ್ಮ ಮನೆಗಳಿಗೆ ಬರುತ್ತಿದೆ. ಗರ್ಭಪಾತ ಒಂದೇ ಕಥೋಲಿಕ ಮತದಾರನ ನಿರ್ಣಾಯಕ ವಿಷಯ, ಉಳಿದುದೆಲ್ಲ ಗೌಣ ಎಂಬ ವಾದವದು. ಹುಟ್ಟಲಿರುವ ಜೀವದ ಪಾವಿತ್ರ್ಯದಲ್ಲಿ ರಾಜಿಯಿಲ್ಲವೆಂಬುದು ನಮ್ಮ ವಿಶ್ವಾಸ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ವಿಶ್ವಪತ್ರದಲ್ಲಿ ಅದನ್ನು ಸ್ಪಷ್ಟಪಡಿಸಿದ್ದಾರೆ. ಆದರೆ ಈ ವಾದ ಅಮೆರಿಕಾದ ಚುನಾವಣೆಗಾಗಿ ಹೊಲಿದ ಅಂಗಿ. ಅಲ್ಲಿ ಎರಡು ಪಕ್ಷಗಳು ಈ ವಿಷಯದಲ್ಲಿ ಎದುರುಬದುರಾಗಿವೆ. ನಮ್ಮಲ್ಲಿ 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಯನ್ನು 2021ರಲ್ಲಿ ತಿದ್ದಿ ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ಏರಿಸಿದಾಗ, ಅದನ್ನು ತತ್ತ್ವತಃ ವಿರೋಧಿಸಿ ಚುನಾವಣೆಗೆ ಹೋದ ದೊಡ್ಡ ಪಕ್ಷವೊಂದೂ ಇರಲಿಲ್ಲ. ಮತಯಂತ್ರದ ಮೇಲೆ ಇಲ್ಲದ ಆಯ್ಕೆಯನ್ನು ಹುಡುಕುತ್ತಾ ಕೂತರೆ, ಇರುವ ಆಯ್ಕೆಗಳ ವಿವೇಚನೆ ತಪ್ಪಿಹೋಗುತ್ತದೆ. ಸಾಮಾಜಿಕ ಬೋಧನೆಯ ಒಂದೇ ಅಂಶವನ್ನು ಉಳಿದವುಗಳಿಂದ ಬೇರ್ಪಡಿಸಿ ಹಿಡಿದರೆ ಸರ್ವಹಿತದ ಹೊಣೆ ತೀರುವುದಿಲ್ಲವೆಂಬ ಎಚ್ಚರಿಕೆ, ರಾಜಕೀಯದಲ್ಲಿ ಕಥೋಲಿಕರ ಪಾತ್ರವನ್ನು ಕುರಿತು ರೋಮ್ 2002ರಲ್ಲಿ ಹೊರಡಿಸಿದ ಟಿಪ್ಪಣಿಯಲ್ಲಿಯೇ ಇದೆ. ಜೀವದ ಬಗೆಗಿನ ನಮ್ಮ ಸಾಕ್ಷ್ಯಕ್ಕೆ ಇಲ್ಲಿ ದೊರೆಯುವ ವೇದಿಕೆ ಮತಗಟ್ಟೆಗಿಂತ ಹೆಚ್ಚಾಗಿ ಆಸ್ಪತ್ರೆ, ಅನಾಥಾಲಯ ಮತ್ತು ನಮ್ಮ ಮನೆಗಳು.

ಪಕ್ಷ, ವಿಷಯಗಳ ಜತೆಗೆ ವ್ಯಕ್ತಿಯನ್ನೂ ನೋಡಬೇಕಷ್ಟೆ. ಹಿಂದೆ ಇದು ಕಷ್ಟವಾಗಿತ್ತು. ಸರ್ವೋಚ್ಚ ನ್ಯಾಯಾಲಯದ 2002 ಹಾಗೂ 2003ರ ತೀರ್ಪುಗಳ ಫಲವಾಗಿ ಈಗ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳನ್ನು ಅಫಿಡವಿಟ್‌ನಲ್ಲಿ ಘೋಷಿಸಬೇಕು; ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಓದಬಹುದು. ಮಗಳ ಮದುವೆಗೆ ವರನ ಮನೆತನವನ್ನು ಮೂರು ಊರುಗಳಲ್ಲಿ ವಿಚಾರಿಸುವ ನಾವು, ಐದು ವರ್ಷ ನಮ್ಮನ್ನು ಆಳುವವನ ಹತ್ತು ಪುಟ ಓದಲು ಸೋಮಾರಿಗಳಾಗುತ್ತೇವೆ. ಮೊಕದ್ದಮೆಯಿದ್ದ ಮಾತ್ರಕ್ಕೆ ಅಪರಾಧಿಯಲ್ಲ, ಚಳವಳಿಯಲ್ಲಿ ಭಾಗವಹಿಸಿದವನ ಮೇಲೂ ಮೊಕದ್ದಮೆಯಿರುತ್ತದೆ. ಯಾವ ಕಲಮಿನ ಮೊಕದ್ದಮೆ ಎಂಬುದನ್ನು ನೋಡಬೇಕು. ಐದು ವರ್ಷಗಳ ಹಿಂದಿನ ಅಫಿಡವಿಟ್‌ನೊಡನೆ ಹೊಸದನ್ನು ಪಕ್ಕಪಕ್ಕದಲ್ಲಿಟ್ಟು ಆಸ್ತಿಯ ಬೆಳವಣಿಗೆಯನ್ನು ನೋಡಬೇಕು. ಕಾಲೇಜು ವಿದ್ಯಾರ್ಥಿಯಿರುವ ಮನೆಗೆ ಇದು ಒಂದು ಸಂಜೆಯ ಕೆಲಸ.

ನಗರವಾಸಿಗಳಾದ ನಮಗೆ ಮತಗಟ್ಟೆಗೆ ಹೋಗುವುದೇ ಒಂದು ಸಮಸ್ಯೆಯಾಗಿದೆ. 2023ರಲ್ಲಿ ರಾಜ್ಯದ ಒಟ್ಟು ಮತದಾನ ಶೇಕಡಾ 73 ದಾಟಿತು, ವರುಣಾ ಕ್ಷೇತ್ರದಲ್ಲಿ ಶೇಕಡಾ 80ನ್ನೂ ಮೀರಿತು. ಮೈಸೂರು ನಗರದ ಕ್ಷೇತ್ರಗಳಲ್ಲಿ ಅದು ಶೇಕಡಾ 60ರ ಆಸುಪಾಸಿನಲ್ಲಿ ಉಳಿಯಿತು. ನಮ್ಮ ನೆರೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿಯವರಿಗೆ 40,751 ಮತ ಬಿದ್ದುದನ್ನು ಚಾಮರಾಜನಗರದ ಕಡೆಯವರು ಇಂದಿಗೂ ಹೇಳುತ್ತಾರೆ. ಚಾಮುಂಡೇಶ್ವರಿಯ 2006ರ ಉಪಚುನಾವಣೆಯನ್ನು ಸಿದ್ದರಾಮಯ್ಯನವರು ಗೆದ್ದದ್ದು 257 ಮತಗಳಿಂದ. ರಜೆಯೆಂದು ಊಟಿಗೆ ಹೊರಟ ಎರಡು ಬಸ್ಸುಗಳ ಜನ ಇದ್ದಿದ್ದರೆ, ಎಂದು ಯೋಚಿಸಬಹುದು.

ಇದೆಲ್ಲಕ್ಕಿಂತ ಸಮೀಪದ ಚುನಾವಣೆಯೊಂದಿದೆ, ಅದನ್ನು ನಾವು ಎಲ್ಲಕ್ಕಿಂತ ಅಲಕ್ಷಿಸುತ್ತೇವೆ. 2018ರ ಆಗಸ್ಟ್‌ನಲ್ಲಿ 65 ವಾರ್ಡುಗಳಿಗೆ ಚುನಾವಣೆ ನಡೆದು ರಚನೆಯಾದ ಮೈಸೂರು ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. 2024ರ ವರ್ಷವಿಡೀ ನಗರಕ್ಕೆ ಚುನಾಯಿತ ಕಾರ್ಪೊರೇಟರ್‌ಗಳಿರಲಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿಯೇ, ದಸರಾ ಕಾಲಕ್ಕೆ, 144 ಮಂದಿಯನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದ ಊರು ಇದು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಅಹವಾಲು ಹೇಳುವ ಅವಕಾಶವಷ್ಟೇ ಇತ್ತು. ಅಷ್ಟು ಅವಕಾಶವೂ ಇಲ್ಲದೆ ವರ್ಷವೊಂದು ಕಳೆದಾಗ ನಮ್ಮ ಧರ್ಮಕೇಂದ್ರದಲ್ಲಿ ಯಾರೂ ನಮ್ಮನ್ನು ಮೆಟ್ಟಿಲ ಬಳಿ ತಡೆದು, "ಸ್ವಾಮಿ, ಪಾಲಿಕೆ ಚುನಾವಣೆ ಯಾಕೆ ಆಗಲಿಲ್ಲ?" ಎಂದು ಕೇಳಲಿಲ್ಲ. ನಾವೂ ಪ್ರಸ್ತಾಪಿಸಲಿಲ್ಲ. ಕಸ, ಬೀದಿದೀಪ, ಕುಡಿಯುವ ನೀರು ನೇರವಾಗಿ ನಿರ್ಧಾರವಾಗುವುದು ಅಲ್ಲಿ.

ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಮುಂದಿನ ಎರಡು ಭಾನುವಾರಗಳಂದು ಎರಡನೆಯ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಕುಳಿತು ಮತದಾರರ ಪಟ್ಟಿಯಲ್ಲಿ ಹೆಸರುಗಳನ್ನು ನೋಡಿಕೊಡಲು ಒಪ್ಪಿದ್ದಾರೆ. ಹೊಸದಾಗಿ ಸೇರುವವರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಹದಿನೆಂಟು ತುಂಬಲು ಜನವರಿ ಒಂದನ್ನೇ ಕಾಯಬೇಕಾಗಿಲ್ಲ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳೂ ಅರ್ಹತಾ ದಿನಾಂಕಗಳಾಗಿವೆ, ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಭಾವಚಿತ್ರವೊಂದನ್ನೂ ವಯಸ್ಸು ಹಾಗೂ ವಿಳಾಸದ ದಾಖಲೆಯ ಪ್ರತಿಗಳನ್ನೂ ತರಬೇಕು. ನೆರೆಮನೆಯವರನ್ನೂ ಕರೆತನ್ನಿರಿ; ಅವರು ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ.